ತೀವ್ರ ಮಧ್ಯಮದ ಕಾಕಾ

ಬೆಳಗಾವಿಯಿಂದ ಖಾನಾಪುರದ ರಸ್ತೆ ಹಿಡಿದು ಉದ್ಯಮಬಾಗ, ಮಚ್ಛೆ ದಾಟಿದರೆ ದೇಸೂರ. ಆ ಕಡೆಯ ಯಾವ ಊರಿಗೆ ಹೋದರೂ ಒಬ್ಬ ಹೈಫೈ ಕಾಕಾ ಸಿಕ್ಕೇ ಸಿಗುತ್ತಾರೆ. ಹರೆಯವೆಲ್ಲ ಲೇಥ್ ಮಶೀನಿನ ಮುಂದೆ ಕಳೆದು ರಿಟೈರ್ ಆದವರು. ಪಿಎಫ್ ರೊಕ್ಕದಲ್ಲಿ ಮೊದಲು ಮಗಳ ಮದುವೆ, ಆಮೇಲೆ ಮನೆಯ ಹಂಚು, ಉಳಿದದ್ದರಲ್ಲಿ ವಾಲ್ವ್ ಆಂಪ್ಲಿಫೈಯರ್. ಪಡಸಾಲೆಯಲ್ಲಿ ಆಳೆತ್ತರದ ಎರಡು ಸ್ಪೀಕರು. ಅವುಗಳ ನಡುವೆ ಕಾಕು ಹಪ್ಪಳ ಒಣಹಾಕುವಂತಿಲ್ಲ, ಮೊಮ್ಮಗ ಓಡಾಡುವಂತಿಲ್ಲ.

ಕಾಕಾರ ಹಾಡಿನ ಹುಚ್ಚು ಇಂದಿನದಲ್ಲ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನೂ ಗಂಗೂಬಾಯಿ ಹಾನಗಲ್ಲರನ್ನೂ ಕೇಳುತ್ತ ಬೆಳೆದವರು. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಜಿಲ್ಲೆಯದೇ ಎಂದು, ಯಾರೂ ಕೇಳದಿದ್ದರೂ, ಹೇಳುತ್ತಾರೆ. ಆಗ ರೇಡಿಯೊದಲ್ಲಿ ಸ್ಟೇಷನ್ ಹತ್ತಿದರೆ ಅದೇ ಸಂಭ್ರಮ. ಈಗ ಕಾಕಾ ಹಾಡು ಕೇಳುವುದಿಲ್ಲ, ಹಾಡಿನ ಹಿಂದಿನ ಗುಂಯ್ ಕೇಳುತ್ತಾರೆ.

"ಸ್ಪೀಕರಿಗೆ ಕಿವಿ ಹಚ್ರಿ. ಗುಂಯ್ ಅನ್ನಾಕತ್ತೈತಿಲ್ಲೋ?"

"ಕಿವಿ ತೆಗೆದ್ರ ಕೇಳಸಂಗಿಲ್ರಿ ಕಾಕಾ."

"ತೆಗೀಬ್ಯಾಡ್ರಿ ಮತ್ತ!"

ಆ ಗುಂಯ್‌ನ ಸ್ವರವನ್ನೂ ಕಾಕಾ ಹಿಡಿದಿದ್ದಾರೆ. ನಮ್ಮ ಕರೆಂಟು 50 ಹರ್ಟ್ಸ್. ಗುಂಯ್ ಅಂದರೆ ಈ 50 ಮತ್ತು ಅದರ ಇಮ್ಮಡಿ 100 ಹರ್ಟ್ಸ್‌ನ ಕಂಪನ. ಹಾರ್ಮೋನಿಯಮ್ಮಿನಲ್ಲಿ ಅದು ಬಿಳಿ ಐದರ ಆಸುಪಾಸು. ಗಾಯಕರ ಷಡ್ಜ ಕಪ್ಪು ಒಂದಾದರೆ ಈ ಗುಂಯ್ ತೀವ್ರ ಮಧ್ಯಮವಾಗುತ್ತದೆ. "ಯಮನ್‌ದಾಗ ನಡೀತೈತ್ರಿ. ಭೂಪದಾಗ ಮಧ್ಯಮ ವರ್ಜ್ಯ. ಕರೆಂಟಿಗೆ ರಾಗಜ್ಞಾನ ಇಲ್ಲ, ಏನ್ ಮಾಡೂದು?"

ಮಾಡಿದ್ದು ಇಷ್ಟು: ಶೀಲ್ಡ್ ಇರುವ ಪವರ್ ಕೇಬಲ್ ತರಿಸಿದರು. ಹೆಬ್ಬೆರಳಿನ ದಪ್ಪ, ಎರಡು ಮೀಟರ್ ಉದ್ದ. ಒಳಗೆ ಫೇಸ್, ನ್ಯೂಟ್ರಲ್, ಅರ್ಥ್ ಮೂರು ತಂತಿ. ಅವುಗಳ ಸುತ್ತ ತಾಮ್ರದ ನೇಯ್ಗೆ. ಬೆಲೆ ಅಂಗಡಿಯವನಿಗೆ ಕೊಟ್ಟದ್ದು ಒಂದು, ಕಾಕುಗೆ ಹೇಳಿದ್ದು ಒಂದು. ಹೇಳಿದ ಬೆಲೆಗೇ ಕಾಕು, "ಅಷ್ಟರಾಗ ಮಿಕ್ಸರ್ ಬರ್ತಿತ್ತು" ಎಂದರು. ಉದ್ಯಮಬಾಗದ ಫೌಂಡ್ರಿ, ಮಚ್ಛೆಯ ಕಾರ್ಖಾನೆ, ಓಣಿಯ ಹಿಟ್ಟಿನ ಗಿರಣಿ ಎಲ್ಲವನ್ನೂ ಹಾಯ್ದು ಬರಿಮೈಯಲ್ಲಿ ಬಂದ ಕರೆಂಟು, ಕಾಕಾರ ಮನೆಯ ಕೊನೆಯ ಎರಡು ಮೀಟರಿನಲ್ಲಿ ಮಾತ್ರ ಕೋಟು ತೊಟ್ಟುಕೊಂಡಿತು.

ಹಾಗಂತ ತಾಮ್ರದ ನೇಯ್ಗೆ ಸುಳ್ಳಲ್ಲ. ಪವರ್ ವೈರಿನ ಸುತ್ತಲಿನ ವಿದ್ಯುತ್ ಕ್ಷೇತ್ರ, ಪಕ್ಕದಲ್ಲೇ ಹಾಯುವ ಪ್ಲೇಯರಿನ ಸಿಗ್ನಲ್ ವೈರಿಗೆ ತಾಗದಂತೆ ಅದು ತಡೆಯುತ್ತದೆ. 50 ಹರ್ಟ್ಸ್‌ನ ಕಾಂತಕ್ಷೇತ್ರದ ಮುಂದೆ ಅದರ ಆಟ ಅಷ್ಟಕ್ಕಷ್ಟೆ. ಕಂಬದಿಂದಲೇ ಬೆರೆತು ಬಂದ ಹೊಲಸನ್ನಂತೂ ತೊಳೆಯುವುದಿಲ್ಲ. ತಡೆಯುವ ಆ ಒಂದು ಕೆಲಸಕ್ಕೂ ನೇಯ್ಗೆ ಅರ್ಥ್‌ಗೆ ಸೇರಿರಬೇಕು. ಕಾಕಾರ ಮನೆಯ ವೈರಿಂಗ್ ಅವರ ಅಪ್ಪನ ಕಾಲದ್ದು, ಸಾಕೆಟ್ಟು ಮಾತ್ರ ಹೊಸದು. ವಾಯರಮನ್ ಬಂದು ಬಿಚ್ಚಿ ನೋಡಿದರೆ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲ.

"ಕಾಕಾ, ಇದು ಬರೇ ತೋರಿಕಿ ತೂತು ನೋಡ್ರಿ."

ಹಿತ್ತಲಲ್ಲಿ ಗುಂಡಿ ತೋಡಿ, ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಸಾಕೆಟ್ಟಿಗೆ ತಂತಿ ಎಳೆದ. ಬೇಸಿಗೆಯಲ್ಲಿ ಗುಂಡಿಗೆ ಒಂದೊಂದು ಕೊಡ ನೀರು ಹಾಕಿರೆಂದೂ ಹೇಳಿಹೋದ. ಮಣ್ಣು ಒಣಗಿದರೆ ಅರ್ಥಿಂಗ್ ಸೋಲುತ್ತದೆ. ಅವತ್ತು ಸಂಜೆ ಗುಂಯ್ ಮುಕ್ಕಾಲುಪಾಲು ಅಡಗಿತು. "ಪೆಟ್ಟಿಗಿ ಮುಟ್ಟಿದ್ರ ಕೈ ಚುರ್ ಅಂತಿತ್ರಿ, ಅದೂ ನಿಂತೇತಿ" ಎಂದರು ಕಾಕು. ಕಾಕಾ ಒಪ್ಪಬೇಕಲ್ಲ! "ಕೇಬಲ್ ಈಗ ಪಳಗೇತ್ರಿ. ನೂರು ತಾಸು ಹಾಡಸ್ಬೇಕು, ಆಮ್ಯಾಲ ಅದರ ಗುಣ ಗೊತ್ತಾಗೂದು." ಕೇಬಲ್ಲಿಗೆ ಸನ್ಮಾನ, ಉಪ್ಪು-ಇದ್ದಿಲಿಗೆ ಬರೀ ಕೂಲಿ.

ರಾತ್ರಿ ಊಟವಾದ ಮೇಲೆ ಕಾಕಾರ ಬೈಠಕ್ಕು. ಹಚ್ಚುವುದು ಮನ್ಸೂರರ 1930ರ ದಶಕದ 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿಕೊಂಡ ಧ್ವನಿ. ಮೂರೇ ನಿಮಿಷದ ಹಾಡು. ಅದರ ತುಂಬ ಸೂಜಿಯ ಚರಪರ. "ಅದು ಇತಿಹಾಸ್ರಿ" ಎನ್ನುತ್ತಾರೆ ಕಾಕಾ. ಅಷ್ಟರಲ್ಲಿ ಬೆಳಗಾವಿ ಬಿಟ್ಟ ರೈಲೊಂದು ಮನೆಯ ಪಕ್ಕದ ಹಳಿಯಲ್ಲಿ ಬರುತ್ತದೆ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್, ಕೆಳಗೆ ಗಾಡಿಯ ಧಡಧಡ, ಮೇಲಿಂದ ಸೀಟಿ. ಕಿಟಕಿಯ ಗಾಜು, ಕಪಾಟಿನ ಪಾತ್ರೆ, ಕಾಕಾರ ಕನ್ನಡಕ ಎಲ್ಲವೂ ನಡುಗುತ್ತವೆ. ಕಾಕಾ ಮಾತ್ರ ಕಣ್ಣು ಬಿಡುವುದಿಲ್ಲ. "ಅದು ಹೊರಗಿನ ಸಪ್ಪಳ್ರಿ. ನಮ್ಮ ಸಿಸ್ಟಮ್‌ನಾಗಿಂದಲ್ಲ."

ನಿಮ್ಮ ಮನೆಯ ಸ್ಪೀಕರೂ ಗುಂಯ್ ಅನ್ನುತ್ತಿದ್ದರೆ ಮೊದಲು ಅರ್ಥಿಂಗ್ ತೋರಿಸಿ. ಪವರ್ ವೈರು, ಸಿಗ್ನಲ್ ವೈರು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಬಿಡಿಸಿ ಗೇಣುದ್ದ ದೂರ ಇಡಿ. ಇದಕ್ಕೆ ಕಾಸು ಬೇಡ. ಕೇಬಲ್ಲಿನ ಮಾತು ಆಮೇಲೆ. ಆದರೆ ಈ ಉಪದೇಶ ಕಾಕಾರ ಪಡಸಾಲೆಯಲ್ಲಿ ಬೇಡ. ಚಹಾ ಆಗಿ, ಬೆಳಗಾವಿ ಕುಂದಾ ಬಂದು, "ಫರಕ್ ಐತೋ ಇಲ್ಲೋ, ಖರೇ ಹೇಳ್ರಿ" ಎಂದು ಅವರು ಕೇಳಿದಾಗ, ಕುಂದಾ ಬಾಯಲ್ಲಿರುವಾಗಲೇ "ಭಾಳ ಐತ್ರಿ" ಅಂದುಬಿಡಿ.