ಹಚ್ಚೆಯ ಬಾಣಂತನ

ಅರುವತ್ತು ತುಂಬಿದವರು ಷಷ್ಟ್ಯಬ್ದಿ ಮಾಡಿಸಿಕೊಳ್ಳುತ್ತಾರೆ. ನಾನು ಹಚ್ಚೆ ಹಾಕಿಸಿಕೊಳ್ಳುತ್ತೇನೆಂದೆ. ಬಂಗುಡೆ ಕೊಯ್ಯುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಕೇಳಿದಳು: “ನಿಮಗೆ ಮರ್ಲಾ?”

ಮಗಳು ಮಾತ್ರ ಖುಷಿಪಟ್ಟಳು. ಆದರೂ ಎಚ್ಚರಿಕೆಗೆ ಒಂದು ಮಾತು ಹೇಳಿದಳು: “ಅಪ್ಪಾ, ಇದು ಪರ್ಮನೆಂಟ್, ಗೊತ್ತುಂಟಲ್ಲ?”

ಪರ್ಮನೆಂಟ್ ಎಂಬ ಶಬ್ದದ ಜೊತೆ ನನಗೆ ಹಳೆಯ ಲೇವಾದೇವಿ. ನಾನು ಕೆಲಸಕ್ಕೆ ಸೇರಿದ್ದು ವಿಜಯಾ ಬ್ಯಾಂಕಿಗೆ. ಪ್ರೊಬೇಷನ್ ಮುಗಿದು ಪರ್ಮನೆಂಟ್ ಆದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. 1931ರಲ್ಲಿ ಇದೇ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ನಾನು ಪರ್ಮನೆಂಟಾಗಿಯೇ ಉಳಿದೆ, ಬ್ಯಾಂಕು ಉಳಿಯಲಿಲ್ಲ. ಹಾಗಾಗಿ ಮಗಳ ಎಚ್ಚರಿಕೆಗೆ ನಾನೇನೂ ಹೆದರಲಿಲ್ಲ. ಸೂಜಿಗಂತೂ ಹೆದರುವ ಪ್ರಶ್ನೆಯೇ ಇಲ್ಲ; ವರ್ಷಕ್ಕೆ ಮೂರು ಸಲ ತಪ್ಪದೆ ರಕ್ತದಾನ ಮಾಡುವವನು ನಾನು.

ಹಚ್ಚೆಯ ಆಸೆ ಹತ್ತಿಸಿದ್ದು ನನ್ನ ಅಜ್ಜಿ. ಮೂಡಿಗೆರೆ ಕಡೆಯಿಂದ ಚಾರ್ಮಾಡಿ ಇಳಿದು ಮದುಮಗಳಾಗಿ ಬಂದವಳು. ಅವಳ ಎಡಗೈಯಲ್ಲಿ, ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ, ಒಂದು ತುಳಸಿಕಟ್ಟೆ ಇತ್ತು: ಮೂರು ಮೆಟ್ಟಿಲು, ಒಂದು ಗಿಡ, ಸುತ್ತ ಐದಾರು ಚುಕ್ಕೆ. ಊರಿಗೆ ಬರುತ್ತಿದ್ದ ಕೊರವರ ಹೆಂಗಸು ಹಾಕಿದ್ದಂತೆ. ಹಣತೆಯ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಮೂರು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುವುದು. ಅಳು ಕೇಳಬಾರದೆಂದು ಆ ಹೆಂಗಸು ಗಟ್ಟಿಯಾಗಿ ಹಾಡುತ್ತಿದ್ದಳಂತೆ. ಮಜೂರಿ ಒಂದು ಸೇರು ಅಕ್ಕಿ, ಒಂದು ಹಳೆಯ ಸೀರೆ. “ಹೋಗುವಾಗ ಬಳೆ, ಬುಗುಡಿ ಎಲ್ಲ ಬಿಚ್ಚಿಕೊಳ್ತಾರೆ ಮಗಾ, ಇದನ್ನು ಬಿಚ್ಚುವವರಿಲ್ಲ” ಎನ್ನುತ್ತಿದ್ದಳು ಅಜ್ಜಿ.

ಆ ತುಳಸಿಕಟ್ಟೆ ಕಪ್ಪಾಗಿರಲಿಲ್ಲ, ಪಾಚಿ ಹಿಡಿದ ಹಾಗೆ ಹಸುರಾಗಿತ್ತು. ಕಪ್ಪು ಮಸಿ ಚರ್ಮದ ಅಡಿಗೆ ಹೋದರೆ ಮೇಲಿನಿಂದ ಕಾಣುವುದು ನೀಲಿ ಬೆರೆತ ಹಸುರು. ನಮ್ಮ ಹಿರಿಯರು ಅದನ್ನು ನೋಡಿಯೇ ಹೆಸರಿಟ್ಟದ್ದು. ಪಚ್ಚೆ ಎಂದರೆ ಹಸುರು. ‘ಪ’ ಹೋಗಿ ‘ಹ’ ಬಂದು ಹಚ್ಚೆಯಾಯಿತು. ತಮಿಳರಿಗೆ ಈಗಲೂ ಅದು ಪಚ್ಚೈ.

ಬಲ್ಮಠದ ಹತ್ತಿರದ ಒಂದು ಮಹಡಿಯಲ್ಲಿ ಹಚ್ಚೆ ಹಾಕುವ ಹುಡುಗ ಸಿಕ್ಕಿದ. ತಾನೇ ಮೈತುಂಬ ಹಚ್ಚೆ ಹಾಕಿಸಿಕೊಂಡವನು, ಮಾತು ಮಾತ್ರ ದೇವಸ್ಥಾನದ ಭಟ್ಟರಷ್ಟು ಮೆಲ್ಲಗೆ. ನೇಮಗಳೂ ಹಾಗೆಯೇ. ಹಿಂದಿನ ದಿನ ಮದ್ಯ ಮುಟ್ಟಬಾರದು. ಚೆನ್ನಾಗಿ ನಿದ್ದೆ ಮಾಡಬೇಕು. ಹೊಟ್ಟೆ ತುಂಬ ತಿಂದು ಬರಬೇಕು, ಖಾಲಿ ಹೊಟ್ಟೆಯಲ್ಲಿ ಬಂದರೆ ತಲೆ ತಿರುಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ, ಮೊದಲು ಡಾಕ್ಟರನ್ನು ಕೇಳಬೇಕು. ಕೊನೆಗೆ ಒಂದು ಒಪ್ಪಿಗೆ ಫಾರಂ. ಮೂವತ್ತೈದು ವರ್ಷ ಊರವರಿಂದ “ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ” ಎಂದು ಸಹಿ ಹಾಕಿಸಿಕೊಂಡವನು ನಾನು. ಜೀವನದಲ್ಲಿ ಮೊದಲ ಸಲ ಒಂದು ಫಾರಮನ್ನು ಪೂರ್ತಿ ಓದಿದೆ.

ಶಾಯಿ ಯಾವುದೆಂದು ಕೇಳಿದ್ದು ಮಗಳು. ಹಚ್ಚೆಯ ಶಾಯಿಯ ಮಾದರಿಗಳಲ್ಲಿ 22 ಬಗೆಯ ಲೋಹಗಳು ಸಿಕ್ಕಿವೆ ಎಂದು ನಮ್ಮ ರಾಜ್ಯದ ಆರೋಗ್ಯ ಸಚಿವರು 2025ರ ಫೆಬ್ರುವರಿಯಲ್ಲಿ ಹೇಳಿದ್ದನ್ನು ಅವಳು ಪೇಪರಿನಲ್ಲಿ ಓದಿದ್ದಳು. ಹುಡುಗ ಬೇಸರಿಸದೆ ಬಾಟಲಿ ತೋರಿಸಿದ, ಸೂಜಿಯ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಒಡೆದ, ಕೈಗೆ ಹೊಸ ಗ್ಲೌಸ್ ಹಾಕಿಕೊಂಡ.

ಆಮೇಲೆ, ಅಜ್ಜಿಯದ್ದೇ ತುಳಸಿಕಟ್ಟೆ ಬರಬೇಕಿದ್ದ ನನ್ನ ಎಡಗೈಯ ರೋಮ ಬೋಳಿಸತೊಡಗಿದ. ನನಗೆ ನವರಾತ್ರಿಯ ನೆನಪಾಯಿತು. ಹುಲಿವೇಷ ಹಾಕುವವರಿಗೂ ಮೊದಲು ಹೀಗೇ ಮೈ ಬೋಳಿಸುವುದು. ನನ್ನ ದೊಡ್ಡಪ್ಪನ ಮಗ ಒಂದು ವರ್ಷ ವೇಷ ಹಾಕಿದ್ದ. ಬಣ್ಣ ಒಣಗುವವರೆಗೆ ಅಡ್ಡ ಕಟ್ಟಿದ ಮರ ಹಿಡಿದು ಗಂಟೆಗಟ್ಟಲೆ ನಿಂತೇ ಇದ್ದ. ಆಮೇಲೂ ಎರಡು ದಿನ ಗೋಡೆಗೆ ಒರಗುವಂತಿಲ್ಲ, ಸರಿಯಾಗಿ ಮಲಗುವಂತಿಲ್ಲ. ಕೊನೆಗೆ ಬಣ್ಣ ತೆಗೆದದ್ದು ಸೀಮೆಎಣ್ಣೆಯಲ್ಲಿ ಉಜ್ಜಿ. ಹೋಗುವ ಬಣ್ಣಕ್ಕೇ ಅಷ್ಟು ಕಷ್ಟವಿರುವಾಗ ಉಳಿಯುವ ಬಣ್ಣಕ್ಕೆ ನಾನು ಇಷ್ಟಾದರೂ ತಡೆದುಕೊಳ್ಳಬೇಡವೇ?

ಯಂತ್ರ ಗುಂಯ್‌ಗುಟ್ಟಿತು. ಈ ಯಂತ್ರದ ಮೂಲಪುರುಷ ಒಬ್ಬ ಗುಮಾಸ್ತ ಎಂದು ತಿಳಿದಾಗ ನನಗೆ ಅದರ ಮೇಲೆ ಪ್ರೀತಿ ಬಂದಿತ್ತು. ಕಚೇರಿ ಕಾಗದಗಳ ನಕಲು ತೆಗೆಯಲು ಎಡಿಸನ್ 1876ರಲ್ಲಿ ಒಂದು ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದ. ಅದು ಕಾಗದದಲ್ಲಿ ಸಣ್ಣ ಸಣ್ಣ ತೂತು ಮಾಡುತ್ತಿತ್ತು. ಅದನ್ನೇ ನೋಡಿಕೊಂಡು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಎಂಬಾತ 1891ರಲ್ಲಿ ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದ. ನೋವು ಹೇಗಿತ್ತು ಎಂದು ಎಲ್ಲರೂ ಕೇಳುತ್ತಾರೆ. ಬರಿಮೈಯಲ್ಲಿ ಮಾವಿನ ಮರ ಹತ್ತಿ ಕೆಂಜಿರುವೆ ಗೂಡಿಗೆ ಕೈ ಹಾಕಿದವರಿಗೆ ಹೇಳಬೇಕಾಗಿಲ್ಲ. ಮುಗಿದ ಮೇಲೆ ಮಗಳು, ಇಂಜೆಕ್ಷನ್ ಕೊಡಿಸಿದ ಮಗುವನ್ನು ಕರೆದುಕೊಂಡು ಹೋದ ಹಾಗೆ, ಹಂಪನಕಟ್ಟೆಗೆ ಕರೆದೊಯ್ದು ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದಳು.

ಹೆರಿಗೆ ಒಂದು ಗಂಟೆಯದ್ದು, ಬಾಣಂತನ ಮೂರು ವಾರದ್ದು. ಹುಡುಗ ಹೇಳಿದ ಕ್ರಮ ಇಷ್ಟೇ: ಕೈ ತೊಳೆದುಕೊಂಡೇ ಮುಟ್ಟಬೇಕು. ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಮೆದು ಸಾಬೂನು. ಉಜ್ಜದೆ ಒತ್ತಿ ಒರೆಸಬೇಕು. ಮುಲಾಮು ಮೆತ್ತಬಾರದು, ನೀರುದೋಸೆಯ ಕಾವಲಿಗೆ ಎಣ್ಣೆ ಸವರಿದಷ್ಟೇ ಸಾಕು. ಬಿಸಿಲು, ಕೆರೆ, ಈಜುಕೊಳ, ಸಮುದ್ರ ಬೇಡ. ಕೆಂಪು ಹರಡಿದರೆ, ಕೀವಾದರೆ, ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಡಾಕ್ಟರ ಹತ್ತಿರ ಹೋಗಬೇಕು.

ಅವನು ಹೇಳದೆ ಬಿಟ್ಟದ್ದನ್ನು ಹೆಂಡತಿ ತುಂಬಿಸಿದಳು. ಅವಳ ಶಾಸ್ತ್ರದಲ್ಲಿ ಗಾಯಕ್ಕೆ ನಂಜಾಗುವ ವಸ್ತುಗಳ ದೊಡ್ಡ ಪಟ್ಟಿಯೇ ಉಂಟು: ಬಂಗುಡೆ ನಂಜು, ಸಿಗಡಿ ನಂಜು, ಬದನೆ ಪರಮ ನಂಜು. ಮನೆಯಲ್ಲಿ ಬಂಗುಡೆ ಪುಳಿಮುಂಚಿ ಕುದಿಯುವಾಗ ನಾನು ಗಂಜಿಗೆ ಹೆಸರುಕಾಳಿನ ಪಲ್ಯ ನೆಂಚಿಕೊಂಡೆ. “ನನ್ನ ಎರಡು ಬಾಣಂತನಕ್ಕೂ ನಿಮಗೆ ರಜೆ ಸಿಕ್ಕಿರಲಿಲ್ಲ. ಈಗ ನಿಮ್ಮದಕ್ಕೆ ನಾನು ಇದ್ದೇನಲ್ಲ” ಎಂದಳು. ಪಥ್ಯದಲ್ಲಿ ವೈದ್ಯ ಎಷ್ಟಿತ್ತು, ಸೇಡು ಎಷ್ಟಿತ್ತು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ಪಕ್ಕದ ಮನೆಯವರು ಅರಸಿನ ತಂದರು, ಎದುರು ಮನೆಯವರು ತೆಂಗಿನೆಣ್ಣೆ ತಂದರು. ಎರಡನ್ನೂ ಗೌರವದಿಂದ ಅಡುಗೆಮನೆಗೆ ಕಳುಹಿಸಿದೆವು.

ಹಚ್ಚೆಗೆ ಹೇಳಿ ಮಾಡಿಸಿದ ಊರೇನೂ ಅಲ್ಲ ಮಂಗಳೂರು. ಎಪ್ರಿಲ್ ತಿಂಗಳು, ಸ್ನಾನ ಮಾಡಿ ಮೈ ಒರೆಸುವ ಮೊದಲೇ ಬೆವರು. ಕರೆಂಟು ಹೋದರೆ ಬೀಸಣಿಗೆ ಹಿಡಿದು ಕೈಗೆ ಗಾಳಿ ಹಾಕುವುದು. ಮುಂಬೈಯಿಂದ ರಜೆಗೆ ಬಂದ ನೆಂಟರ ಮಕ್ಕಳೆಲ್ಲ ಪಣಂಬೂರಿನ ಅಲೆಗಳಲ್ಲಿ ಹೊರಳಾಡುವಾಗ, ನಾನು ಉದ್ದ ತೋಳಿನ ಹತ್ತಿ ಅಂಗಿ ತೊಟ್ಟು ಹನ್ನೊಂದು ಜೊತೆ ಚಪ್ಪಲಿ ಕಾಯುತ್ತ ನಿಂತೆ.

ಆರನೇ ದಿನ ತುರಿಕೆ ಶುರು. ಈರುಳ್ಳಿ ಸಿಪ್ಪೆಯಂಥ ಪೊರೆ ಏಳುತ್ತದೆ, ಕೀಳಬಾರದು. ಕಿತ್ತರೆ ಅದರ ಜೊತೆ ಬಣ್ಣವೂ ಏಳುತ್ತದೆ. ಮೈಯಲ್ಲಿ ತುರಿಕೆ ಇಟ್ಟುಕೊಂಡು ಕೆರೆಯದೆ ಕೂರುವ ಆ ತಪಸ್ಸಿನ ಮುಂದೆ ಸೂಜಿಯ ನೋವು ಏನೂ ಅಲ್ಲ. ರಾತ್ರಿ ನಿದ್ದೆಯಲ್ಲಿ ಕೈ ತಾನಾಗಿ ಹೋದೀತೆಂದು ಬಲಗೈಗೆ ಕಾಲುಚೀಲ ಹಾಕಿ ಮಲಗಿದೆ.

ಪೊರೆಯೆಲ್ಲ ಉದುರಿದ ಮೇಲೆ ತುಳಸಿಕಟ್ಟೆ ನಿಂತಿತು. ಚರ್ಮ ಇಷ್ಟು ಸಲ ಪೊರೆ ಕಳಚಿದರೂ ಹಚ್ಚೆ ಹೇಗೆ ಉಳಿಯುತ್ತದೆ? ಫ್ರಾನ್ಸಿನ ಮಾರ್ಸೆಯ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ 2018ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಚರ್ಮದ ಒಳಪದರದಲ್ಲಿ ಹೊರಗಿನ ಕಸವನ್ನು ನುಂಗುವ ಕಾವಲು ಕೋಶಗಳಿವೆ. ಶಾಯಿಯನ್ನೂ ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಆ ಕೋಶ ಸತ್ತಾಗ ಶಾಯಿ ಹೊರಬೀಳುತ್ತದೆ, ಹೊಸದಾಗಿ ಬಂದ ಕೋಶ ಅದನ್ನು ನುಂಗಿಕೊಂಡು ಅಲ್ಲೇ ಕೂರುತ್ತದೆ. ಓದಿ ನಗು ಬಂತು. ಇದು ನಮ್ಮ ಬ್ಯಾಂಕಿನ ಕ್ರಮವೇ! ಮ್ಯಾನೇಜರು ಬದಲಾಗುತ್ತಾರೆ, ಬೋರ್ಡು ಬದಲಾಗುತ್ತದೆ, ಯಾರಿಗೂ ಅರಗದ ಹಳೆಯ ಫೈಲು ಚಾರ್ಜಿನಿಂದ ಚಾರ್ಜಿಗೆ ದಾಟುತ್ತ ಅದೇ ಕಪಾಟಿನಲ್ಲಿ ಇರುತ್ತದೆ. ಅಜ್ಜಿಯ ತುಳಸಿಕಟ್ಟೆಯ ಚಾರ್ಜು ಸದ್ಯ ನನ್ನದು.

ಎಲ್ಲ ಸರಿಯಾಯಿತೆಂದು ಆಗಸ್ಟಿನಲ್ಲಿ ರಕ್ತದಾನ ಶಿಬಿರಕ್ಕೆ ಹೋದೆ. ಅಂಗಿಯ ತೋಳು ಮಡಚಿದ್ದೇ, ನರ್ಸಮ್ಮ ತುಳಸಿಕಟ್ಟೆಯನ್ನು ನೋಡಿ ಕೇಳಿದರು: “ಯಾವಾಗ ಹಾಕಿಸಿದ್ದು ಸಾರ್?” ಎಪ್ರಿಲ್ ಎಂದೆ. “ಹಚ್ಚೆಯಾದ ಮೇಲೆ ಒಂದು ವರ್ಷ ರಕ್ತ ತೆಗೊಳ್ಳುವ ಹಾಗಿಲ್ಲ. ಮುಂದಿನ ಎಪ್ರಿಲ್ ಕಳೆದು ಬನ್ನಿ” ಎಂದು ಒಂದು ಲೋಟ ಜ್ಯೂಸ್ ಮಾತ್ರ ಕೊಟ್ಟು ಕಳುಹಿಸಿದರು. ಪೂರ್ತಿ ಓದಿದೆನೆಂದು ಬೀಗಿದ ಆ ಫಾರಮಿನಲ್ಲಿ ಇದೊಂದು ಇರಲಿಲ್ಲ. ಹಚ್ಚೆಯ ಮನಸ್ಸು ಮಾಡಿದವರು ಎರಡು ವಾರ ಮೊದಲೇ ರಕ್ತ ಕೊಟ್ಟು ಬನ್ನಿ. ಬಂಗುಡೆಯನ್ನೂ ಹೊಟ್ಟೆ ತುಂಬ ತಿಂದುಕೊಳ್ಳಿ.