ಹಳೆಯ ಇಂಗ್ಲಿಷ್ ಪಿಂಗಾಣಿ: ಬಳಕೆದಾರರ ಕೈಪಿಡಿ

ಹಳೆಯ ಇಂಗ್ಲಿಷ್ ಪಿಂಗಾಣಿ ಕೂಡಿಡಲು ಹೊರಟಿರುವ ತಮಗೆ ಅಭಿನಂದನೆಗಳು. ಕೆಲಸಕ್ಕೆ ಕೈಹಾಕುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿದ ಮೇಲೂ ಆಸೆ ಉಳಿದರೆ ಮನೆಯವರಿಗೂ ಓದಲು ಕೊಡಿ. ಮುಂದೆ ಬೀರುವಿನ ಜಾಗದ ಬಗ್ಗೆ ಮಾತು ಬೆಳೆದಾಗ ‘ಮೊದಲೇ ತಿಳಿಸಿದ್ದೆನಲ್ಲ’ ಎನ್ನಲು ಅನುಕೂಲವಾಗುತ್ತದೆ.

1. ಸಾಮಾನಿನ ಪರಿಚಯ

ನೀವು ದುಡ್ಡು ಕೊಟ್ಟು ತರಲಿರುವುದು ಒಂದು ಸೋಲನ್ನು. ಇದು ಮೊದಲೇ ಗೊತ್ತಿರಲಿ. ಹದಿನೆಂಟನೇ ಶತಮಾನದ ಇಂಗ್ಲೆಂಡಿಗೆ ಬೇಕಾಗಿದ್ದದ್ದು ಚೀನಾದ ಪಿಂಗಾಣಿ. ಅದರ ಗುಟ್ಟು 1710ರ ಹೊತ್ತಿಗೇ ಜರ್ಮನಿಯ ಮೈಸೆನ್‌ಗೆ ಒಲಿದಿತ್ತು. ಇಂಗ್ಲಿಷರಿಗೆ ಮಾತ್ರ ಬಹುಕಾಲ ಒಲಿಯಲಿಲ್ಲ. ಹಾಗೆಂದು ಸುಮ್ಮನೆ ಕೂತರೇ? ಕೈಗೆ ಸಿಕ್ಕಿದ್ದನ್ನೆಲ್ಲ ಮಣ್ಣಿಗೆ ಬೆರೆಸಿ ನೋಡಿದರು. ಲಂಡನ್ನಿನ ಚೆಲ್ಸಿಯಲ್ಲಿ ನಿಕೊಲಾಸ್ ಸ್ಪ್ರಿಮೊಂ ಎಂಬ ಬೆಳ್ಳಿ ಕೆಲಸದವನು 1745ರ ಸುಮಾರಿಗೆ ಗಾಜಿನ ಪುಡಿ ಬೆರೆಸಿ ಸುಡುತ್ತಿದ್ದ. ಬೋ ಕಾರ್ಖಾನೆಯವರು ದನದ ಮೂಳೆಯ ಬೂದಿ ಹಾಕಿದರು. 1751ರಲ್ಲಿ ಶುರುವಾದ ವೂಸ್ಟರ್ ಕಾರ್ಖಾನೆಯವರು ಕಾರ್ನ್‌ವಾಲ್‌ನ ಬಳಪದ ಕಲ್ಲನ್ನು ಅರೆದು ಸೇರಿಸಿದರು. ಬೇಲೂರಿನಲ್ಲಿ ಮದನಿಕೆಯರಾದ ಜಾತಿಯ ಕಲ್ಲು ಅಲ್ಲಿ ಟೀ ಪಾಟ್ ಆಯಿತು, ಕುದಿನೀರು ಹೊಯ್ದರೂ ಬಿರಿಯುವುದಿಲ್ಲ ಎಂಬ ಹೆಸರನ್ನೂ ಗಳಿಸಿತು.

ಕೊನೆಗೆ 1790ರ ದಶಕದಲ್ಲಿ ಸ್ಟೋಕ್‌ನ ಸ್ಪೋಡ್ ಕಾರ್ಖಾನೆ ಒಂದು ಹದ ಕಂಡುಕೊಂಡಿತು: ಸುಮಾರು ಅರ್ಧ ಪಾಲು ಮೂಳೆಬೂದಿ, ಕಾಲು ಪಾಲು ಬಿಳಿ ಜೇಡಿಮಣ್ಣು, ಕಾಲು ಪಾಲು ಕಾರ್ನ್‌ವಾಲ್‌ನ ಕಲ್ಲು. ಅದೇ ಬೋನ್ ಚೈನಾ. ಮಡಿ ಪಾಲಿಸುವ ಮನೆಯ ಅಡುಗೆಕೋಣೆಗೆ ಇದನ್ನು ಒಯ್ಯುವವರು ತಮ್ಮ ಸ್ವಂತ ಜವಾಬ್ದಾರಿಯಲ್ಲಿ ಒಯ್ಯತಕ್ಕದ್ದು.

ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಸೋತದ್ದರಿಂದಲೇ ಯಾವುದು ಯಾರದ್ದೆಂದು ಇಂದು ಹೇಳಬಹುದು. ಎಲ್ಲರೂ ಗೆದ್ದಿದ್ದರೆ ಎಲ್ಲವೂ ಚೀನಾದ್ದರಂತೆಯೇ ಇರುತ್ತಿತ್ತು. ನಿಮಗೆ ಈ ಕೈಪಿಡಿಯೂ ಬೇಕಾಗುತ್ತಿರಲಿಲ್ಲ.

2. ಕೊಳ್ಳುವ ಮುನ್ನ ಪರೀಕ್ಷೆ

ಅ) ಶನಿವಾರ ಬೆಳಿಗ್ಗೆ ಬೇಗ ಎದ್ದು ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಗೆ ಹೋಗಿ. ಟೀ ಪಾಟ್ ಕಂಡರೆ ಮೊದಲು ಮುಚ್ಚಳ ತೆಗೆದು ಪಕ್ಕಕ್ಕಿಡಿ, ಆಮೇಲೆ ಮಗುಚಿ. ಈ ಕ್ರಮ ತಪ್ಪಿದವರು ಆ ಪಾಟನ್ನು ಕೊಂಡೇ ಮನೆಗೆ ಹೋಗಬೇಕಾಗುತ್ತದೆ, ಮುಚ್ಚಳವಿಲ್ಲದೆ.

ಆ) ಹಿಡಿಯನ್ನು ನಂಬಬೇಡಿ. ಇನ್ನೂರೈವತ್ತು ವರ್ಷದಲ್ಲಿ ಅದನ್ನು ಯಾರು ಯಾವ ಅಂಟು ಹಾಕಿ ಕೂರಿಸಿದ್ದಾರೋ! ಎರಡೂ ಕೈಯಿಂದ ಹೊಟ್ಟೆ ಹಿಡಿದೆತ್ತಿ.

ಇ) ಮೇಲಿನ ಹೂವು, ಹಕ್ಕಿಗಳನ್ನು ನೋಡಿ ಕಾಲ ಕಳೆಯಬೇಡಿ. ತಳ ನೋಡಿ. ಚೆಲ್ಸಿಯ ತಟ್ಟೆಯಾದರೆ, ಆವಿಗೆಯಲ್ಲಿ ಅದನ್ನು ಹೊತ್ತು ನಿಂತಿದ್ದ ಮೊಳೆಗಳ ಗುರುತು ಮೂರು ಪುಟ್ಟ ಗಾಯಗಳಾಗಿ ಉಳಿದಿರುತ್ತದೆ. ಡರ್ಬಿ ಕಾರ್ಖಾನೆಯ ಬೊಂಬೆಯಾದರೆ ಮಣ್ಣಿನ ಉಂಡೆಗಳ ಮೇಲೆ ಕೂತು ಬೆಂದ ಮೂರು ನಾಲ್ಕು ಕಪ್ಪು ಮಚ್ಚೆಗಳು.

ಈ) ಬೆಳಕಿಗೆ ಹಿಡಿಯಿರಿ. ವೂಸ್ಟರ್ ಆದರೆ ತಿಳಿಹಸಿರು ಛಾಯೆ. ಚೆಲ್ಸಿಯ ಹಳೆಯ ತಟ್ಟೆಯಾದರೆ ಅಲ್ಲಲ್ಲಿ ದುಂಡನೆಯ ಬೆಳಕಿನ ಚುಕ್ಕೆಗಳು. ಮಣ್ಣು ಸರಿಯಾಗಿ ಕಲೆಯದೆ ಒಳಗೆ ಗಾಳಿ ಉಳಿದದ್ದರ ಫಲ. ಸಂಗ್ರಾಹಕರು ಇವಕ್ಕೆ ‘ಚಂದ್ರ’ರೆಂದು ಹೆಸರಿಟ್ಟು, ಎಣಿಸಿ, ಸಂತೋಷಪಡುತ್ತಾರೆ. ನೀವೂ ಪಡತಕ್ಕದ್ದು.

ಉ) ಅನುಮಾನ ಬಂದ ಅಂಚಿಗೆ ಮೆಲ್ಲನೆ ಹಲ್ಲು ತಾಗಿಸಿ. ಪಿಂಗಾಣಿ ತಣ್ಣಗೆ ಗಟ್ಟಿಯಾಗಿ ತಗಲುತ್ತದೆ. ರಿಪೇರಿ ಮಾಡಿ ಬಣ್ಣ ಬಳಿದ ಜಾಗ ಮೆದುವಾಗಿ, ಬೆಚ್ಚಗೆ. ಅಂಗಡಿಯವನು ಅತ್ತ ತಿರುಗಿದಾಗ ಮಾಡುವುದು ಲೇಸು.

3. ಮುದ್ರೆಗಳ ಬಗ್ಗೆ ಎಚ್ಚರಿಕೆ

1752ರಿಂದ 56ರವರೆಗಿನ ಚೆಲ್ಸಿ ಪಿಂಗಾಣಿಗೆ ಕೆಂಪು ಲಂಗರಿನ ಗುರುತು, ಆಮೇಲಿನದಕ್ಕೆ ಚಿನ್ನದ ಲಂಗರು. ನಿಜವಾದ ಲಂಗರು ಹೆಸರುಕಾಳಿನಷ್ಟಿದ್ದು, ಎಲ್ಲೋ ಮೂಲೆಯಲ್ಲಿ ನಾಚಿಕೊಂಡಿರುತ್ತದೆ. ಹಡಗನ್ನೇ ನಿಲ್ಲಿಸುವಷ್ಟು ದೊಡ್ಡದಾಗಿ ಢಾಳಾಗಿ ಬರೆದಿದ್ದರೆ ತಟ್ಟೆಯನ್ನು ಮರ್ಯಾದೆಯಿಂದ ಕೆಳಗಿಡಿ. 1845ರಲ್ಲಿ ಶುರುವಾದ ಪ್ಯಾರಿಸ್ಸಿನ ಸ್ಯಾಮ್ಸನ್ ಕಾರ್ಖಾನೆ ಇಂಥ ನಕಲುಗಳಿಗೇ ಪ್ರಸಿದ್ಧ. ಈಗ ಸ್ಯಾಮ್ಸನ್ನಿನ ನಕಲುಗಳನ್ನೇ ಹುಡುಕಿ ಕೂಡಿಡುವವರೂ ಇದ್ದಾರೆ. ಅವರಿಗೆ ಬೇರೆ ಕೈಪಿಡಿ ಬೇಕು.

ವಜ್ರಾಕಾರದ ನೋಂದಣಿ ಮುದ್ರೆ ಇದ್ದರೆ ಆ ವಿನ್ಯಾಸ 1842ರಿಂದ 1883ರ ನಡುವೆ ನೋಂದಣಿಯಾದದ್ದು. ‘ಇಂಗ್ಲೆಂಡ್’ ಎಂದು ಅಚ್ಚಾಗಿದ್ದರೆ ಸಾಮಾನ್ಯವಾಗಿ 1891ರ ಈಚಿನದು. ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ ತಂದ ಕಾನೂನಿನ ಪ್ರಸಾದ ಅದು. ‘ನಮ್ಮಜ್ಜಿಯ ಅಜ್ಜಿಗೆ 1760ರಲ್ಲಿ ಉಡುಗೊರೆ ಬಂದದ್ದು’ ಎಂದು ಮಾರುವವರು ಹೇಳುವಾಗ ಈ ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡು ಕೇಳಿ.

4. ತೊಂದರೆಗಳು ಮತ್ತು ಪರಿಹಾರ

ತೊಂದರೆ: ಕಪ್ಪಿಗೆ ಹಿಡಿಯೇ ಇಲ್ಲ.
ಪರಿಹಾರ: ಮುರಿದಿಲ್ಲ. ಚೀನಾದ ಮಾದರಿಯ ಟೀ ಬಟ್ಟಲುಗಳು ಆಗ ಹಾಗೆಯೇ ಇದ್ದವು. ಬೆರಳು ಸುಟ್ಟರೆ ಬಸಿಗೆ ಸುರಿದುಕೊಂಡು ಕುಡಿಯುವ ರೂಢಿ ಇಂಗ್ಲೆಂಡಿನಲ್ಲೂ ಇತ್ತು.

ತೊಂದರೆ: ತಟ್ಟೆಯ ಬೆನ್ನಿಗೆ ಲೋಹದ ಹೊಲಿಗೆ ಹಾಕಿದ್ದಾರೆ.
ಪರಿಹಾರ: ಅಂಟು ನಂಬಿಕೆಗೆ ಬರುವ ಮುನ್ನ, ಒಡೆದ ಚೂರುಗಳಿಗೆ ತೂತು ಕೊರೆದು ಕೊಂಡಿ ಹಾಕಿ ಬಿಗಿಯುತ್ತಿದ್ದರು. ಕೀಳಿಸಬೇಡಿ. ಒಡೆದ ಮೇಲೂ ಎಸೆಯಲು ಯಾರಿಗೋ ಮನಸ್ಸಾಗಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ರಸೀದಿ ಸಿಗದು.

ತೊಂದರೆ: ಬಸಿ ಇದೆ, ಅದರ ಕಪ್ಪಿಲ್ಲ.
ಪರಿಹಾರ: ಹುಡುಕುತ್ತಿರಿ. ಕಪ್ಪು ಸಿಕ್ಕೇ ಸಿಗುತ್ತದೆ, ಬೇರೊಂದು ಬಸಿಯ ಜೊತೆಗೆ.

ತೊಂದರೆ: ಎಲ್ಲೂ ಒಂದು ಕುಂದೂ ಕಾಣುತ್ತಿಲ್ಲ. ಬೆಳ್ಳಗೆ, ನುಣ್ಣಗೆ, ನೆಟ್ಟಗಿದೆ.
ಪರಿಹಾರ: ಇದು ಗಂಭೀರ. ಕಲಂ 3 ಮತ್ತೊಮ್ಮೆ ಓದಿ.

5. ನಿರ್ವಹಣೆ

ಡಿಶ್‌ವಾಷರಿಗೆ ಹಾಕಿದರೆ ಚಿನ್ನದ ಗೆರೆ ಚರಂಡಿ ಸೇರುತ್ತದೆ. ಕಪ್ಪನ್ನು ಹಿಡಿಯಿಂದ ಕೊಕ್ಕೆಗೆ ನೇತುಹಾಕಬಾರದು. ತಟ್ಟೆಗಳನ್ನು ಪೇರಿಸುವಾಗ ನಡುವೆ ಮೆದು ಕಾಗದ ಇಡಿ. ನೆಂಟರಿಗೆ ಚಹಾ ಕೊಡಲು ಸ್ಟೀಲ್ ಲೋಟ ಬೇರೆ ಇಟ್ಟುಕೊಳ್ಳಿ.

6. ಚಟ ಬಿಡಿಸುವ ವಿಧಾನ

ಇದುವರೆಗಿನ ಅತ್ಯುತ್ತಮ ಪ್ರಯತ್ನ ಲೇಡಿ ಷಾರ್ಲಟ್ ಶ್ರೈಬರ್ ಅವರದು. ಗಂಡನೊಂದಿಗೆ ಯುರೋಪಿನ ಅಂಗಡಿ ಅಂಗಡಿ ಸುತ್ತಿ ಕೂಡಿಸಿದ ಇಂಗ್ಲಿಷ್ ಪಿಂಗಾಣಿಯ ಭಂಡಾರವನ್ನು, ಗಂಡ ತೀರಿಕೊಂಡ 1884ರಲ್ಲಿ, ಅವರ ನೆನಪಿಗಾಗಿ ಆಕೆ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟರು. ಬೀರು ಖಾಲಿಯಾಯಿತು, ಮನೆ ಹಗುರಾಯಿತು. ಉಳಿದ ವರ್ಷಗಳನ್ನು ಬೀಸಣಿಗೆ ಮತ್ತು ಇಸ್ಪೀಟೆಲೆಗಳನ್ನು ಕೂಡಿಹಾಕುವುದರಲ್ಲಿ ಕಳೆದರು.