ಅಳಿಯ ಕೊಂಡ ಹಳ್ಳ

ಮೂವತ್ತೊಂದು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಯಾರಾದರೂ ಜಾಗ ಕೊಂಡೆ ಎಂದರೆ ಸಂತೋಷ ಎನ್ನುವ ಮೊದಲೇ ‘ಇ.ಸಿ. ತೆಗೆಸಿದ್ದೀರಾ?’ ಎಂದು ಬಾಯಿಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೋಗಿ ಮೂರು ದಿನವಾಗಿತ್ತು. ಹಗಲುನಿದ್ದೆಯಿಂದ ಇನ್ನೂ ಎದ್ದಿರಲಿಲ್ಲ. ಅಳಿಯ ಕಾಫಿ ಲೋಟ ಕೈಗಿಟ್ಟು, “ಮಾವ, ಒಂದು ಹಳ್ಳ ತಗೊಂಡಿದ್ದೀನಿ. ಚಿನ್ನ ಸಿಗುತ್ತೆ” ಎಂದ. ಕಾಫಿ ಕುಡಿಯದೆಯೇ ಎಚ್ಚರವಾಯಿತು.

“ಕ್ರಯಪತ್ರ ಎಲ್ಲಿ?”

ತಂದುಕೊಟ್ಟ. ಒಂದೇ ಹಾಳೆ. ಓದುತ್ತ ಹೋದರೆ ಅದು ಕ್ರಯಪತ್ರವೇ ಅಲ್ಲ, ನಮ್ಮಲ್ಲಿ ಅಣ್ಣತಮ್ಮಂದಿರು ಬರೆದುಕೊಡುವ ಹಕ್ಕು ಬಿಡುಗಡೆ ಪತ್ರದ ಜಾತಿ. ಇದರಲ್ಲಿ ನನಗೆ ಏನಾದರೂ ಹಕ್ಕಿದ್ದರೆ ಅದಿನ್ನು ನಿನ್ನದು ಎಂದು ಮಾರಿದಾತ ಬರೆದಿದ್ದಾನೆ. ಹಕ್ಕು ಇದೆ ಎಂದು ಮಾತ್ರ ಎಲ್ಲೂ ಬರೆದಿಲ್ಲ! ಆ ದೇಶದಲ್ಲಿ ಗಣಿ ಕ್ಲೇಮುಗಳು ಕೈಯಿಂದ ಕೈಗೆ ಹೋಗುವುದು ಸಾಮಾನ್ಯವಾಗಿ ಹೀಗೆಯೇ ಅಂತೆ. ಇದಕ್ಕೆ ನಾಲ್ಕು ಸಾವಿರ ಡಾಲರ್.

ಮಿಕ್ಕ ಕಾಗದಗಳನ್ನೂ ತರಿಸಿ ಊಟದ ಮೇಜಿನ ಮೇಲೆ ಹರಡಿಕೊಂಡೆ. ಎಲ್ಲದಕ್ಕೂ ಮೂಲ 1872ರ ಗಣಿ ಕಾಯ್ದೆ, ಅಧ್ಯಕ್ಷ ಗ್ರಾಂಟ್ ಸಹಿ ಹಾಕಿದ್ದು. ಮರಳಿನಲ್ಲಿ ಚಿನ್ನವಿರುವ ಕಡೆ ಒಬ್ಬನಿಗೆ 20 ಎಕರೆವರೆಗೆ ಹಕ್ಕು. ಎಂಟು ಜನ ಜೊತೆಗೂಡಿದರೆ 160. ಆದರೆ ನೆಲ ಸರ್ಕಾರದ್ದು. ಮರವೂ ಸರ್ಕಾರದ್ದೇ. ಮೀನು ಹಿಡಿಯಲು ಬಂದು ಕೂತವನನ್ನು ಏಳಯ್ಯ ಎನ್ನುವಂತಿಲ್ಲ. ಹಿಂದೆ ಚಿನ್ನ ತೋರಿಸಿದರೆ ನೆಲವನ್ನೂ ಹೆಸರಿಗೆ ಬರೆಸಿಕೊಳ್ಳಬಹುದಿತ್ತು. 1994ರಿಂದ ಅದಕ್ಕೆ ಹೊಸ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅಳಿಯನ ಪಾಲಿಗೆ ಉಳಿದದ್ದು ಮರಳಿನೊಳಗಿನ ಚಿನ್ನ, ಅದೂ ಇದ್ದರೆ. ಸಿಕ್ಕಿದ್ದಕ್ಕೆ ಕೇಂದ್ರ ಸರ್ಕಾರ ಒಂದು ಸೆಂಟೂ ರಾಜಧನ ಕೇಳುವುದಿಲ್ಲ ಎನ್ನುವುದು ನನಗೆ ಹಿಡಿಸಿತು.

ಈ ಹಕ್ಕು ಪೌರರಿಗೆ, ಇಲ್ಲವೇ ಪೌರರಾಗುತ್ತೇವೆಂದು ಘೋಷಿಸಿಕೊಂಡವರಿಗೆ ಮಾತ್ರ. 1850ರಲ್ಲಂತೂ ಕ್ಯಾಲಿಫೋರ್ನಿಯಾ ಪರದೇಶಿ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹೇರಿತ್ತು. ಹದಿನಾರು ವರ್ಷ ವೀಸಾ ಸಾಲಿನಲ್ಲಿ ನಿಂತು ಹೋದ ವರ್ಷ ಪೌರನಾದ ನಮ್ಮ ಅಳಿಯ, ಮತ ಹಾಕುವ ಮೊದಲು ಹಳ್ಳ ಕೊಂಡ.

“ಚಿನ್ನ ಇದೆ ಅಂತ ಹೇಗೆ ಗೊತ್ತಾಯ್ತು?”

“ಮಾರಿದೋರು ಒಂದು ಪುಟ್ಟ ಸೀಸೆ ತೋರಿಸಿದ್ರು ಮಾವ. ತಳದಲ್ಲಿ ಫಳಫಳ ಅಂತಿತ್ತು.”

“ಸೀಸೆ ತೋರಿಸಿದ್ರು ಸರಿ. ಅದು ಈ ಹಳ್ಳದ್ದೇ ಅಂತ?”

ಅಳಿಯ ಸುಮ್ಮನಾದ. ಮಗಳು ಒಳಗಿಂದ, “ಅಪ್ಪ, ನಾನೂ ಇದನ್ನೇ ಕೇಳಿದ್ದು” ಎಂದಳು.

ಆ ಶನಿವಾರ ನಾಲ್ಕು ಗಂಟೆ ಕಾರಿನಲ್ಲಿ ಕೂತು ಸಿಯೆರಾ ಬೆಟ್ಟಗಳ ಡೌನೀವಿಲ್ ಕಡೆ ಹೋದೆವು. ಬುತ್ತಿಗೆ ಪುಳಿಯೋಗರೆ. ಕ್ಲೇಮಿನ ಗುರುತಿಗೆ ಒಂದು ಕಲ್ಲುಗುಪ್ಪೆ, ಅದರೊಳಗೆ ತುಕ್ಕು ಹಿಡಿದ ಡಬ್ಬಿ, ಡಬ್ಬಿಯಲ್ಲಿ ಮಡಿಸಿಟ್ಟ ನೋಟೀಸು. ಚೆಕ್ಕುಬಂದಿ ಬರೆದಿದ್ದರು. ಪೂರ್ವಕ್ಕೆ ಬಂಡೆ, ಪಶ್ಚಿಮಕ್ಕೆ ಪೈನ್ ಮರ! ಆ ಪೈನ್ ಮರದಂಥವು ಅಲ್ಲಿ ಸಾವಿರವಿದ್ದವು.

ಮರಳು ಹೀರುವ ಯಂತ್ರಗಳನ್ನು ಆ ರಾಜ್ಯ 2009ರಲ್ಲೇ ನಿಲ್ಲಿಸಿದ್ದರಿಂದ ನಮ್ಮ ಬಳಿ ಇದ್ದದ್ದು ಸಲಿಕೆ ಮತ್ತು ಅಗಲ ಬಾಯಿನ ತಟ್ಟೆ. ತೊರೆ ತಿರುಗುವಲ್ಲಿ ಒಳಮಗ್ಗುಲಿಗೆ ನೀರು ನಿಧಾನವಾಗುತ್ತದೆ, ಹೊತ್ತು ತಂದ ಭಾರವನ್ನು ಅಲ್ಲೇ ಇಳಿಸುತ್ತದೆ. ಮರಳು ನೀರಿಗಿಂತ ಸುಮಾರು ಎರಡೂವರೆ ಪಟ್ಟು ತೂಕ, ಚಿನ್ನ 19 ಪಟ್ಟು. ಇಷ್ಟೆಲ್ಲ ವಿಡಿಯೊ ನೋಡಿ ಕಲಿತಿದ್ದ ಅಳಿಯ ಮೊಣಕಾಲುದ್ದ ನೀರಿನಲ್ಲಿ ನಿಂತು ತಟ್ಟೆ ತಿರುಗಿಸಿದ. ಒಂದು ಗಂಟೆಯಾದರೂ ಕೆಸರು, ಕಲ್ಲು, ಮತ್ತೆ ಕೆಸರು.

ದಡದಲ್ಲಿ ಕೂತಿದ್ದ ನಮ್ಮವಳಿಗೆ ತಡೆಯಲಾಗಲಿಲ್ಲ. “ಅಯ್ಯೋ, ಹಾಗೆ ಕುಲುಕಿದ್ರೆ ಎಲ್ಲಾ ಹೊರಟುಹೋಗುತ್ತೆ. ಇಲ್ಲಿ ಕೊಡಿ” ಎಂದು ಸೆರಗು ಸಿಕ್ಕಿಸಿ ತಟ್ಟೆ ಕಸಿದುಕೊಂಡಳು. ರೇಷನ್ ಅಕ್ಕಿಯ ಕಾಲದಿಂದ ದಿನಾ ಗಾಲಿಸಿದ ಕೈ ಅದು. ಹಗುರವಾದದ್ದು ನೀರಿನ ಜೊತೆ ಹೋಗಬೇಕು, ಕಲ್ಲು ತಳದಲ್ಲಿ ನಿಲ್ಲಬೇಕು. ಅಡುಗೆಮನೆಯಲ್ಲಿ ಹೋದದ್ದು ನಮಗೆ, ನಿಂತದ್ದು ತಿಪ್ಪೆಗೆ. ಇಲ್ಲಿ ಉಲ್ಟಾ, ಅಷ್ಟೇ. ತಟ್ಟೆ ಓರೆಮಾಡಿ ಹಿಂದಕ್ಕೆ ಮುಂದಕ್ಕೆ ನಾಲ್ಕು ಸಲ ಆಡಿಸಿದಳು. ಕಪ್ಪು ಮರಳಿನ ಗೆರೆಯೊಂದು ಉಳಿಯಿತು. ಗೆರೆಯ ತುದಿಯಲ್ಲಿ ಎರಡು ಹಳದಿ ಚುಕ್ಕೆ.

ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಾಲಗಾರರ ವಿಷಯವನ್ನು 19ನೇ ಶತಮಾನದಲ್ಲೇ ನ್ಯೂಬೋಲ್ಡ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದಿಟ್ಟಿದ್ದಾನೆ. ಗದಗಿನಲ್ಲಿ ಮೂರು ವರ್ಷ ನೌಕರಿ ಮಾಡಿಯೂ ಆ ಗುಡ್ಡ ಹತ್ತದ ನಾನು, ಚಿನ್ನದ ಕಣ ಮೊದಲು ನೋಡಿದ್ದು ಯೂಬಾ ನದಿಯ ಕೊಳ್ಳದಲ್ಲಿ.

ಸಂಜೆಯ ಹೊತ್ತಿಗೆ ಒಟ್ಟು ಹನ್ನೊಂದು ಕಣ. ಒಂಬತ್ತು ನಮ್ಮವಳದ್ದು. “ಮೂಗುಬೊಟ್ಟಿಗೂ ಸಾಲದು” ಎಂದು ಅವಳೇ ತೀರ್ಪು ಕೊಟ್ಟಳು. ಅಳಿಯನ ಮುಖ ಮಾತ್ರ ಮಗು ಹುಟ್ಟಿದ ದಿನದಂತಿತ್ತು.

ಕ್ಲೇಮು ಉಳಿಯಬೇಕಾದರೆ ವರ್ಷಕ್ಕೆ 200 ಡಾಲರ್ ಶುಲ್ಕ. ಹತ್ತಕ್ಕಿಂತ ಹೆಚ್ಚು ಕ್ಲೇಮು ಇಲ್ಲದ ಬಡಪಾಯಿಗಳು ಅರ್ಜಿ ಹಾಕಿ, ಅದರ ಬದಲು ನೂರು ಡಾಲರಿನಷ್ಟು ಮೈದುಡಿಮೆ ತೋರಿಸಬಹುದು. ಆ ನೂರು 1872ರಲ್ಲೂ ನೂರೇ. ಎರಡರಲ್ಲಿ ಒಂದನ್ನೂ ಮಾಡದಿದ್ದರೆ ಹಳ್ಳ ಮತ್ತೆ ಸರ್ಕಾರಕ್ಕೆ.

ಆ ಹನ್ನೊಂದು ಕಣ ಹಾಕಿಟ್ಟ ಸೀಸೆ ಈಗ ಮಗಳ ಮನೆಯ ದೇವರ ಗೂಡಿನಲ್ಲಿದೆ. ಗಡುವು ಸೆಪ್ಟೆಂಬರ್ 1. ಆಗಸ್ಟ್ 15ಕ್ಕೆ ಫೋನು ಮಾಡಿ ಅಳಿಯನಿಗೆ ಜ್ಞಾಪಿಸುವ ಕೆಲಸ ನನ್ನದು.